ಕೋಳಿ ಕುಂಟುತ್ತಿದ್ದರೆ ಮೊದಲು ಅಂಗಾಲು ನೋಡಿ

ಔಷಧಿ ಅಂಗಡಿಗೆ ಓಡುವ ಮೊದಲು, ಕತ್ತಲಾದ ಮೇಲೆ ಕೋಳಿಯನ್ನು ಹಿಡಿಯಿರಿ. ಆಗ ಹೆಚ್ಚು ಒದ್ದಾಡುವುದಿಲ್ಲ. ರೆಕ್ಕೆ ಸೇರಿಸಿ ಟವೆಲ್ ಸುತ್ತಿ, ಅಂಗಾಲು ತೊಳೆದು ಟಾರ್ಚ್ ಬೆಳಕು ಬಿಟ್ಟು ನೋಡಿ. ನಡುವೆ ಕಪ್ಪು ಹಕ್ಕಳೆ, ಸುತ್ತ ಬಿಸಿ, ಊತ ಇದ್ದರೆ ಒಳಗೆ ಕೀವುಗಟ್ಟಿದೆ. ಮುಳ್ಳು ಚುಚ್ಚಿಯೋ, ಎತ್ತರದಿಂದ ಗಟ್ಟಿ ನೆಲಕ್ಕೆ ಹಾರಿ ಹಾರಿಯೋ ಹೀಗಾಗುತ್ತದೆ. ಬೆಚ್ಚಗಿನ ಉಪ್ಪುನೀರಲ್ಲಿ 10–15 ನಿಮಿಷ ಕಾಲು ನೆನೆಸಿ, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ ಪಟ್ಟಿ ಕಟ್ಟಿ. ದಿನಾ ಬದಲಿಸಿ. ಹಿಂಡಲು ಮಾತ್ರ ಹೋಗಬೇಡಿ. ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿ. ಹಿಂಡಿದರೆ ಸೋಂಕು ಒಳಗೇ ಹರಡುತ್ತದೆ. ಗಡ್ಡೆ ದೊಡ್ಡದಿದ್ದರೆ ಪಶುವೈದ್ಯರೇ ಕೊಯ್ದು ತೆಗೆಯಲಿ.

ಅಂಗಾಲು ಚೊಕ್ಕವಾಗಿದೆಯೇ? ಬೆರಳಿಗೆ ದಾರ, ಕೂದಲು ಸುತ್ತಿದೆಯಾ ನೋಡಿ. ಕಾಲಿನ ಹುರುಪೆ ಎದ್ದು ಒರಟಾಗಿದ್ದರೆ ನುಸಿ. ವ್ಯಾಸಲೀನ್ ದಪ್ಪಗೆ ಬಳಿದರೆ ನುಸಿ ಉಸಿರುಗಟ್ಟಿ ಸಾಯುತ್ತದೆ, ಆದರೆ ವಾರಗಟ್ಟಲೆ ಬಳಿಯಬೇಕು. ಮೊಟ್ಟೆಯ ಸಿಪ್ಪೆ ತೆಳುವಾಗಿ, ಕೋಳಿ ಕೂತಲ್ಲೇ ಕೂತರೆ ಸುಣ್ಣದಂಶದ ಕೊರತೆ ಇರಬಹುದು. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ.

ಎಳೆ ಕೋಳಿಯ ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿದ್ದರೆ ಮಾರೆಕ್ಸ್ ಎಂಬ ವೈರಸ್ ರೋಗದ ಅನುಮಾನ, ಅದಕ್ಕೆ ಮದ್ದಿಲ್ಲ. ಕತ್ತು ತಿರುಚಿ, ಹಸಿರು ಹಿಕ್ಕೆ ಹಾಕಿದರೆ ಕೊಕ್ಕರೆ ರೋಗ ಇರಬಹುದು; ತಕ್ಷಣ ಬೇರೆ ಗೂಡಿಗೆ ಹಾಕಿ ಪಶು ಆಸ್ಪತ್ರೆಗೆ ತಿಳಿಸಿ.