ಸಂತೆಗೆ ಕ್ಯಾಮೆರಾ ಹಿಡಿದು ಹೊರಡುವ ಮುನ್ನ

ಹಾಸನದಲ್ಲಿ ಹೊಸ ಕ್ಯಾಮೆರಾ ಕೊಂಡವರು ಮೊದಲು ಹೋಗುವುದು ಬೇಲೂರಿಗೋ ಹಳೇಬೀಡಿಗೋ. ಶಿಲಾಬಾಲಿಕೆ ಎಷ್ಟು ಹೊತ್ತಾದರೂ ಅಲುಗದೆ ನಿಲ್ಲುತ್ತಾಳೆ, ಅಲ್ವಾ? ಬೀದಿಯಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ. ಕಣ್ಣು, ಕೈ ಎರಡೂ ಚುರುಕಾಗಬೇಕೆಂದರೆ ಕಟ್ಟಿನಕೆರೆ ಮಾರುಕಟ್ಟೆಗೆ ಹೋಗಿ, ಇಲ್ಲವೇ ಮಂಗಳವಾರದ ಸಂತೆಗೆ.

ಮೊದಲ ಕೆಲಸ ಮನೆಯಲ್ಲೇ ಮುಗಿಯಬೇಕು. ಮೋಡ್ ಡಯಲನ್ನು ಅಪರ್ಚರ್ ಪ್ರಯಾರಿಟಿಗೆ ತಿರುಗಿಸಿ. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಅದನ್ನು ಎಫ್/8ಕ್ಕೆ ಇಡಿ. ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸಂವೇದನೆ) ಆಟೊದಲ್ಲಿರಲಿ, ಮಿತಿ 6400. ಶಟರ್ ವೇಗ 1/250 ಸೆಕೆಂಡಿಗಿಂತ ಇಳಿಯದಂತೆ ಮೆನುವಿನಲ್ಲಿ ಹೇಳಿಬಿಡಿ. ನಡೆದು ಹೋಗುವವರಿಗೆ ಅಷ್ಟು ಸಾಕು, ಬೈಕಿನವರಿಗೆ 1/500 ಬೇಕು. ಕ್ಯಾಮೆರಾ ಜೊತೆ ಬಂದ 18–55 ಲೆನ್ಸನ್ನು 23 ಅಥವಾ 24 ಮಿ.ಮೀ.ಗೆ ಇಟ್ಟು ಅಲ್ಲೇ ಬಿಡಿ. ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನಲ್ಲಿ ಅದರ ನೋಟ ದೊಡ್ಡ ಫುಲ್ ಫ್ರೇಮ್ ಸೆನ್ಸರಿನ 35 ಮಿ.ಮೀ.ಗೆ ಹತ್ತಿರ. ಝೂಮ್ ತಿರುಗಿಸಬೇಕು ಅನ್ನಿಸಿದಾಗ ಎರಡು ಹೆಜ್ಜೆ ಮುಂದೆ ಹೋಗಿ.

ಇನ್ನು ಫೋಕಸ್. ಜನ ಹೆಚ್ಚಿರುವ ಕಡೆ ಆಟೊಫೋಕಸ್ ಯಾರನ್ನೋ ಹಿಡಿಯುತ್ತದೆ, ನಮಗೆ ಬೇಕಾದವರು ದಾಟಿ ಹೋಗಿರುತ್ತಾರೆ. ಎಂಟು ಅಡಿ ದೂರದ ಕಂಬವೊಂದಕ್ಕೆ ಫೋಕಸ್ ಮಾಡಿ, ಆಮೇಲೆ ಮ್ಯಾನುಯಲ್‌ಗೆ ಬದಲಿಸಿ. ಎಫ್/8ರಲ್ಲಿ ಸುಮಾರು 5 ಅಡಿಯಿಂದ 30 ಅಡಿಯವರೆಗೆ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಆಫ್ ಮಾಡಿದರೆ ಕೆಲವು ಕ್ಯಾಮೆರಾಗಳು ಈ ದೂರವನ್ನು ಮರೆತುಬಿಡುತ್ತವೆ, ಆಗ ಮತ್ತೆ ಹೊಂದಿಸಿಕೊಳ್ಳಿ.

ಸಂತೆಯಲ್ಲಿ ಜಾಸ್ತಿ ಕಾಡುವುದು ಟಾರ್ಪಾಲು. ನೀಲಿ ಟಾರ್ಪಾಲಿನಡಿ ಕೂತವರ ಮುಖವೆಲ್ಲ ನೀಲಿ, ಟೊಮೆಟೊ ಕೂಡ ಕಳೆಗುಂದಿ ಕಾಣುತ್ತದೆ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲು) ತೆಗೆದರೆ ಮನೆಗೆ ಬಂದು ಸ್ವಲ್ಪ ಸರಿಮಾಡಬಹುದು, ಪೂರ್ತಿ ಆಗುವುದಿಲ್ಲ. ಅದಕ್ಕಿಂತ ಟಾರ್ಪಾಲಿನ ಅಂಚಿಗೆ ಕೂತ ವ್ಯಾಪಾರಿಯನ್ನು ಹುಡುಕಿ. ಅಲ್ಲಿ ಬೆಳಕು ಪಕ್ಕದಿಂದ ಬರುತ್ತದೆ: ಕೆನ್ನೆಯ ಒಂದು ಬದಿ ಬೆಳಗಿರುತ್ತದೆ, ತಕ್ಕಡಿ ಹಿಡಿದ ಬೆರಳುಗಳ ಗೆರೆ ಒಂದೊಂದೂ ಕಾಣುತ್ತದೆ, ಹಿಂದಿನ ಗದ್ದಲವೆಲ್ಲ ಕತ್ತಲಲ್ಲಿ ಮುಳುಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಳಿಸಿದರೆ ಬಿಳಿ ಪಂಚೆಯೂ ಸುಟ್ಟುಹೋದ ಹಾಗೆ ಬರುವುದಿಲ್ಲ. ನನ್ನನ್ನು ಕೇಳಿದರೆ ಇಡೀ ಸಂತೆಯಲ್ಲಿ ಒಳ್ಳೆಯ ಜಾಗ ಆ ಅಂಚೇ.

ಅಂಥ ಜಾಗ ಸಿಕ್ಕಿದ ಮೇಲೆ ಸುತ್ತಬೇಡಿ. ಯಾರ ದಾರಿಗೂ ಅಡ್ಡವಾಗದಂತೆ ಕಾಲು ಗಂಟೆ ನಿಲ್ಲಿ. ಮೊದಲ ಐದು ನಿಮಿಷ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ, ಆಮೇಲೆ ಅವರವರ ವ್ಯಾಪಾರ ಅವರಿಗೆ. ಕೊತ್ತಂಬರಿ ಕಟ್ಟಿಗೆ ಚೌಕಾಸಿ ಶುರುವಾಗುತ್ತದೆ, ಚಿಲ್ಲರೆಗೆ ಹುಡುಕಾಟ ಶುರುವಾಗುತ್ತದೆ. ಒತ್ತುವ ಮುಂಚೆ ತಲೆಯ ಹಿಂದೆ ಏನಿದೆ ನೋಡಿ. ವಿದ್ಯುತ್ ಕಂಬ ತಲೆಯಿಂದ ಎದ್ದ ಹಾಗಿದ್ದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಆಯಿತು.

ಮುಖ ಹತ್ತಿರದಿಂದ ಬೇಕಿದ್ದರೆ ಕೇಳಿಯೇ ತೆಗೆಯಿರಿ. "ಅಣ್ಣಾ, ಒಂದು ಫೋಟೊ ತೆಗೀಲಾ?" ಅಂದರೆ "ಯಾವ ಪೇಪರ್‌ಗೆ?" ಎಂಬ ಪ್ರಶ್ನೆ ಬರುವುದುಂಟು. ಪೇಪರಿಗಲ್ಲ, ಕಲಿಯುತ್ತಿದ್ದೇನೆ ಅಂತ ನಿಜ ಹೇಳಿ. "ಬ್ಯಾಡ ಕಣಪ್ಪ" ಅಂದರೆ ಅಲ್ಲಿಗೆ ಬಿಟ್ಟುಬಿಡಿ. ತೆಗೆದಾದ ಮೇಲೆ ಬೇಡ ಅಂದರೂ ಅವರ ಎದುರಿಗೇ ಅಳಿಸಿ. ಮಕ್ಕಳಾದರೆ ಅಪ್ಪ ಅಮ್ಮನನ್ನು ಕೇಳಲೇಬೇಕು. ಭಿಕ್ಷೆ ಬೇಡುವವರನ್ನು, ಕುಡಿದು ಬಿದ್ದವರನ್ನು ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಅವರು ಬೇಡ ಅನ್ನುವ ಸ್ಥಿತಿಯಲ್ಲೇ ಇರುವುದಿಲ್ಲ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ. ಸಾಮಾನ್ಯ ಜನರನ್ನು ಎಷ್ಟು ಗೌರವದಿಂದ ತೆಗೆಯಬಹುದು ಅನ್ನುವುದು ಅಲ್ಲಿ ಕಾಣುತ್ತದೆ. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡಿದ್ದವು.

ಹಗಲು ಕೈ ಪಳಗಿದ ಮೇಲೆ ಸಂಜೆಗೆ ಹೋಗಿ. ಅಂಗಡಿಗಳ ಎಲ್‌ಇಡಿ ಬಲ್ಬುಗಳಿಂದ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬರಬಹುದು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಹಾಗಾಗಿ ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ ಅಷ್ಟೆ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ, ವೇಗ 1/100ಕ್ಕೆ ಇಳಿಸಿ, ಅಪರ್ಚರ್ ಲೆನ್ಸ್ ಬಿಡುವಷ್ಟು ತೆರೆಯಿರಿ. ಅಪರ್ಚರ್ ತೆರೆದಷ್ಟೂ ಸ್ಪಷ್ಟವಾಗಿ ಬರುವ ದೂರ ಕಡಿಮೆಯಾಗುತ್ತದೆ, ಎಂಟು ಅಡಿಯ ಲೆಕ್ಕ ಆಗ ನಡೆಯುವುದಿಲ್ಲ, ಆಟೊಫೋಕಸ್‌ಗೇ ಮರಳಿ. ನಡೆಯುವವರು ಮಸುಕಾಗುತ್ತಾರೆ. ಕೂತು ವ್ಯಾಪಾರ ಮಾಡುವವರಿಂದಲೇ ಶುರುಮಾಡಿ.