ಕುದುರೆ ಲದ್ದಿಯನ್ನು ಕುಂಡಕ್ಕೆ ಹಾಕುವ ಮುಂಚೆ

ಬೆಂಗಳೂರಲ್ಲಿ ತಾರಸಿ ತೋಟಕ್ಕೆಂದು ಲಾಯದಿಂದ ಲದ್ದಿ ತರುವವರು ಗಮನಿಸಿ. ಗೊಬ್ಬರ ಒಳ್ಳೆಯದೇ, ಆದರೆ ಹಸಿ ಲದ್ದಿ ಬೇಡ, ಅದರಲ್ಲೂ ಹಸಿಯಾಗಿಯೇ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಖಂಡಿತ ಬೇಡ.

ಕುದುರೆಯ ಹೊಟ್ಟೆಯಲ್ಲಿ ಸಾಮಾನ್ಯವಾಗಿರುವ ಸ್ಟ್ರಾಂಗೈಲ್ ಹುಳು ಮನುಷ್ಯರಲ್ಲಿ ಬೆಳೆಯುವುದಿಲ್ಲ. ಎಚ್ಚರ ಬೇಕಾದದ್ದು ಕ್ರಿಪ್ಟೋಸ್ಪೊರಿಡಿಯಂ ಬಗ್ಗೆ. ಮುಖ್ಯವಾಗಿ ಮರಿಗಳ ಲದ್ದಿಯಲ್ಲಿ ಬರುವ ಈ ಏಕಕೋಶ ಪರಜೀವಿ ನಮಗೂ ನೀರುಭೇದಿ ತರುತ್ತದೆ. ಎಳೆ ಮಕ್ಕಳಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅಪಾಯ ಹೆಚ್ಚು. ಇದರ ಕೋಶದ ಸುತ್ತ ಗಟ್ಟಿ ಕವಚವಿರುವುದರಿಂದ ಕ್ಲೋರಿನ್, ಸ್ಯಾನಿಟೈಸರ್ ಯಾವುದಕ್ಕೂ ಜಗ್ಗುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಕೈ ತೊಳೆಯಿರಿ. ಲಾಯದವರಿಗೆ ಮರಿಗಳ ಲದ್ದಿ ಬೇಡವೆಂದು ಮೊದಲೇ ಹೇಳಿಬಿಡಿ.

ಈ ಪರಜೀವಿಯನ್ನು ಕೊಲ್ಲುವುದು ಲದ್ದಿ ಕೊಳೆಯುವಾಗ ಹುಟ್ಟುವ ಬಿಸಿ. ಲದ್ದಿ, ಹುಲ್ಲು ಸೇರಿಸಿ ಸುಮಾರು 1 ಮೀಟರ್ ಉದ್ದ, ಅಗಲ, ಎತ್ತರದ ರಾಶಿ ಮಾಡಿ. ಬಕೆಟ್‌ನಷ್ಟು ಲದ್ದಿ ಎಷ್ಟು ದಿನ ಇಟ್ಟರೂ ಕಾಯುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಜಾಗವಿಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಒಂದೇ ರಾಶಿ ಮಾಡಿ. ಹಿಡಿ ಹಿಂಡಿದರೆ ಒಂದೆರಡು ಹನಿ ಒಸರಬೇಕು, ನೀರು ಸುರಿದರೆ ಅತಿಯಾಯಿತು, ಗಾಳಿಯಾಡದೆ ನಾರುತ್ತದೆ. ಉದ್ದ ಕಡ್ಡಿಯ ಥರ್ಮಾಮೀಟರನ್ನು ನಡುವಿಗೆ ಚುಚ್ಚಿ ನೋಡಿ: 55 ಡಿಗ್ರಿ ಸೆಲ್ಸಿಯಸ್ ಮೇಲೆ ಕನಿಷ್ಠ 3 ದಿನ ನಿಲ್ಲಬೇಕು. ಅಂಚು ತಣ್ಣಗೇ ಇರುತ್ತದೆ, ಹಾಗಾಗಿ ಹೊರಗಿನದನ್ನು ಒಳಕ್ಕೆ ಮಗುಚಿ ಮತ್ತೆ ಕಾಯಲು ಬಿಡಿ, ಹೀಗೆ ನಾಲ್ಕೈದು ಸಲ. ಮಳೆಗಾಲದಲ್ಲಿ ಟಾರ್ಪಾಲು ಹೊದಿಸಿ. ಮಣ್ಣಿನ ವಾಸನೆ ಬಂದು, ಲದ್ದಿಯ ಉಂಡೆ ಗುರುತು ಸಿಗದಂತೆ ಪುಡಿಯಾದ ಮೇಲೆ ಕುಂಡಕ್ಕೆ ಹಾಕಿ.