ಹೋಗುವಾಗ ಹೇಗೋ ಹೋಗಿ, ಬರುವಾಗ ಕಾಲು ಚಾಚಿ ಬನ್ನಿ

ಡಿಸೆಂಬರಿನಲ್ಲಿ ಆರು ದಿನಕ್ಕೆ ಅಂತ ನಾನು, ನಮ್ಮ ಯಜಮಾನರು ಜರ್ಮನಿಯ ನ್ಯೂರೆಂಬರ್ಗ್‌ಗೆ ಹೋಗಿದ್ದೆವು. ಅಲ್ಲಿನ ಕ್ರಿಸ್‌ಮಸ್ ಸಂತೆ ನೋಡಬೇಕು ಅನ್ನೋದು ನನ್ನ ಹಳೇ ಆಸೆ. ಹೋಗುವಾಗ ಮಾಮೂಲಿ ಎಕಾನಮಿ. ವಾಪಸ್ ಬರುವಾಗ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ, ಕಾಲಿಗೆ ಜಾಗ ಹೆಚ್ಚಿರುವ ಪ್ರೀಮಿಯಂ ಎಕಾನಮಿ. ಕೇಳಿದವರೆಲ್ಲ ‘ಉಲ್ಟಾ ಮಾಡಿದಿರಲ್ಲ’ ಅಂದರು. ಉಲ್ಟಾ ಅಲ್ಲ, ಬೇಕಂತಲೇ ಮಾಡಿದ್ದು.

ನ್ಯೂರೆಂಬರ್ಗ್‌ಗೆ ರೈಲು ಸಿಗುವ ಫ್ರಾಂಕ್‌ಫರ್ಟಿಗೆ ಬೆಂಗಳೂರಿನಿಂದ ಲುಫ್ತಾನ್ಸಾದ ನೇರ ವಿಮಾನ ಇದೆ. ಇಲ್ಲಿಂದ ಬೆಳಗಿನ ಜಾವ ಹೊರಡುತ್ತದೆ. ಆ ಹೊತ್ತಿನಲ್ಲಿ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿದರೂ ನಿದ್ದೆ ಬರುತ್ತೆ ನನಗೆ. ಬರುವಾಗ ಹಾಗಲ್ಲ. ಅಲ್ಲಿಂದ ಮಧ್ಯಾಹ್ನ ಹೊರಟು ಇಲ್ಲಿ ನಡುರಾತ್ರಿ ದಾಟಿದ ಮೇಲೆ ಇಳಿಯುತ್ತದೆ. ಚಳಿಗಾಲದಲ್ಲಿ ಎರಡು ಊರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನಮ್ಮ ಗಡಿಯಾರದಲ್ಲಿ ರಾತ್ರಿ ಒಂದೂವರೆ ಆಗಿದ್ದರೂ, ಆರು ದಿನ ಅಲ್ಲಿದ್ದು ಬಂದ ಮೈಗೆ ಇನ್ನೂ ಒಂಬತ್ತು ಗಂಟೆ. ಅಂದರೆ ದಾರಿಯುದ್ದಕ್ಕೂ ಎಚ್ಚರವಾಗಿಯೇ ಕೂತಿರಬೇಕು. ಅರವತ್ತೊಂದು ವರ್ಷದ ಮಂಡಿ ಇಟ್ಟುಕೊಂಡು ಹೆಚ್ಚುಕಡಿಮೆ ಒಂಬತ್ತು ಗಂಟೆ!

ಪ್ರೀಮಿಯಂ ಎಕಾನಮಿ ಅಂದರೆ ಮಲಗುವ ಸೀಟು ಅಂದುಕೊಂಡು ದುಡ್ಡು ಕೊಡಬೇಡಿ. ಮಲಗೋಕೆ ಆಗಲ್ಲ. ಅದು ಎಚ್ಚರವಾಗಿ ಕೂರುವವರ ಸೀಟು. ಎಕಾನಮಿಯಲ್ಲಿ ಒಂದು ಸಾಲಿಗೂ ಮುಂದಿನ ಸಾಲಿಗೂ ಸುಮಾರು 31 ಇಂಚು. ಇದರಲ್ಲಿ 38. ವ್ಯತ್ಯಾಸ ಒಂದು ಗೇಣೂ ಇಲ್ಲ. ಆದರೆ ಅಷ್ಟರಲ್ಲೇ ಮಂಡಿ ಮಡಿಚಿ, ಬಿಚ್ಚಿ, ಮತ್ತೆ ಮಡಿಚಬಹುದು.

ಬುಕಿಂಗ್ ವಿಷಯಕ್ಕೆ ಬರೋಣ. ಹೋಗೋದು ಒಂದು ದರ್ಜೆ, ಬರೋದು ಇನ್ನೊಂದು ದರ್ಜೆ ಅಂತ ಒಂದೇ ಟಿಕೆಟಿನಲ್ಲಿ ಮಾಡಿಸಬಹುದು. ನಾನು ಮೊದಲು ನೋಡಿದ ಟ್ರಾವೆಲ್ ಆ್ಯಪ್‌ನಲ್ಲಿ ಅದು ಆಗಲಿಲ್ಲ, ಎರಡಕ್ಕೂ ಒಂದೇ ದರ್ಜೆ ಕೇಳುತ್ತಿತ್ತು. ವಿಮಾನ ಕಂಪನಿಯ ಸ್ವಂತ ಸೈಟಿನಲ್ಲಿ ಆಯಿತು. ಎರಡು ಬೇರೆ ಬೇರೆ ಒನ್‌ವೇ ಟಿಕೆಟ್ ತೆಗೆಯುವ ಮುಂಚೆ ಬೆಲೆ ಕೂಡಿ ನೋಡಿ, ಸಾಮಾನ್ಯವಾಗಿ ಜಾಸ್ತಿಯೇ ಬರುತ್ತೆ. ಬರುವ ದಾರಿಯ ಪ್ರೀಮಿಯಂಗೆ ನಮಗೆ ಒಬ್ಬರಿಗೆ 27,000 ರೂಪಾಯಿ ಹೆಚ್ಚಾಯಿತು. ಯಜಮಾನರು ಬ್ಯಾಂಕಿನಲ್ಲಿದ್ದವರು. ‘ಗಂಟೆಗೆ ಮೂರು ಸಾವಿರ’ ಅಂತ ತಕ್ಷಣ ಲೆಕ್ಕ ಹಾಕಿದರು. ಹೋಗಲಿ ಬಿಡಿ, ಮಂಡಿ ಅವರದಲ್ಲವಲ್ಲ.

ಕೊನೇ ಗಳಿಗೆಯಲ್ಲಿ ಅಪ್‌ಗ್ರೇಡ್‌ಗೆ ಹರಾಜು ಕೂಗಿದ ಹಾಗೆ ಬೆಲೆ ಹೇಳುವ ಪದ್ಧತಿಯೂ ಇದೆ. ಸಿಕ್ಕರೆ ಅಗ್ಗ. ಆದರೆ ಕೆಲವು ಕಂಪನಿಗಳಲ್ಲಿ ಸೀಟು ಮಾತ್ರ ದೊಡ್ಡದಾಗುತ್ತೆ, ಲಗೇಜಿನ ಲೆಕ್ಕ ಹಳೇದೇ ಇರುತ್ತೆ. ಕೇಳಿಕೊಂಡೇ ಕೊಳ್ಳಿ.

ಸೀಟು ಆರಿಸುವಾಗ ಸಾಲು ನೋಡುವ ಮೊದಲು ನಿಮ್ಮ ಮಂಡಿ ನೋಡಿಕೊಳ್ಳಿ. ನನಗೆ ನೋವು ಬಲಗಾಲಿನದು. ಹಾಗಾಗಿ ವಿಮಾನದ ಎಡಭಾಗದಲ್ಲಿ ನಡುದಾರಿ ಪಕ್ಕದ ಸೀಟು ಹಿಡಿದೆ. ದಾರಿ ನನ್ನ ಬಲಕ್ಕೆ ಬಂತು. ಟ್ರಾಲಿ ಬರದ ಹೊತ್ತಿನಲ್ಲಿ ಬಲಗಾಲು ಆಚೆಗೆ ಚಾಚಬಹುದು. ಎಡಮಂಡಿಯವರು ಇದನ್ನೇ ತಿರುವುಮುರುವು ಮಾಡಿ. ಕಿಟಕಿ ಕಡೆ ಎರಡೇ ಸೀಟು ಇದ್ದರೆ ಜೋಡಿಯಾಗಿ ಹೋಗುವವರಿಗೆ ಅದೇ ಸರಿ, ಮಧ್ಯೆ ಮೂರನೆಯವರು ಇರಲ್ಲ. ಮೊಟ್ಟಮೊದಲ ಸಾಲಿಗೆ ಎಲ್ಲರೂ ಮುಗಿಬೀಳುತ್ತಾರೆ. ಮುಂದಿನವರು ಸೀಟು ಹಿಂದಕ್ಕೆ ವಾಲಿಸುವ ಕಾಟ ಇಲ್ಲ, ನಿಜ. ಆದರೆ ಅಲ್ಲಿ ಊಟದ ಹಲಗೆ ಕೈಯೊರಗಿನ ಒಳಗೆ ಸೇರಿರುತ್ತೆ. ಆ ಕೈಯೊರಗು ಮೇಲೇಳುವುದಿಲ್ಲ. ಹೊರಡುವಾಗ, ಇಳಿಯುವಾಗ ಕೈಚೀಲ ಮೇಲೆಯೇ ಇಡಬೇಕು. ಮಾತ್ರೆ, ಕನ್ನಡಕ, ಶಾಲು ಎಲ್ಲ ಅದರಲ್ಲೇ ತಾನೇ ಇರೋದು?

ಇನ್ನು ಗಂಟು ಕಟ್ಟುವುದು. ಪ್ರೀಮಿಯಂನಲ್ಲಿ 23 ಕೆ.ಜಿ.ಯ ಎರಡು ಪೆಟ್ಟಿಗೆ ಬಿಡುತ್ತಾರೆ. ಒಟ್ಟು 46 ಅಂತ ಒಂದರಲ್ಲಿ 30, ಇನ್ನೊಂದರಲ್ಲಿ 16 ತುಂಬಿದರೆ ಆಗಲ್ಲ. ಕೊಕ್ಕೆಯ ಸಣ್ಣ ತಕ್ಕಡಿ ಒಂದು ಜೊತೆಗಿರಲಿ.

ಸಂತೆಯಲ್ಲಿ ಗ್ಲೂವೈನ್ ಅನ್ನೋ ಬಿಸಿ ದ್ರಾಕ್ಷಾರಸವನ್ನು ಪಿಂಗಾಣಿ ಮಗ್‌ನಲ್ಲಿ ಕೊಡುತ್ತಾರೆ. ಮಗ್‌ಗೆ ಮುಂಗಡ ಇರುತ್ತೆ. ಹಿಂದಿರುಗಿಸದಿದ್ದರೆ ಮಗ್ ನಿಮ್ಮದು. ನಾನು ಕುಡಿದಿದ್ದು ಮದ್ಯವಿಲ್ಲದ ಮಕ್ಕಳ ಪಂಚು, ಆದರೂ ಮಗ್ ನಾಲ್ಕು ತಂದೆ. ಒಂದೊಂದರ ಹೊಟ್ಟೆಗೂ ಒಂದು ಉಣ್ಣೆ ಕಾಲುಚೀಲ ತುರುಕಿ, ಹೊರಗೂ ಒಂದು ತೊಡಿಸಿ, ಬಟ್ಟೆ ನಡುವೆ ಹಿಡಿ ಮೇಲೆ ಮಾಡಿ ಇಟ್ಟೆ. ನಾಲ್ಕೂ ಚೆನ್ನಾಗಿ ಬಂದವು. ಒಡೆಯಿತು ಅಂದರೆ ಒಡೆಯೋದು ಹಿಡಿಯೇ ಮೊದಲು.

ಲೆಬ್‌ಕೂಹೆನ್ ಅಲ್ಲಿನ ಮಸಾಲೆ ಬಿಸ್ಕತ್ತು. ಎಲಿಸೆನ್ ಅಂತ ಬರೆದಿದ್ದರೆ ಹಿಟ್ಟು ಶೇಕಡ 10ಕ್ಕಿಂತ ಜಾಸ್ತಿ ಇರುವಂತಿಲ್ಲ, ಬಾದಾಮಿಯಂಥ ಬೀಜಗಳು ಕಾಲುಭಾಗಕ್ಕೆ ಕಮ್ಮಿ ಇರುವಂತಿಲ್ಲ. ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ. ಅತ್ತೆಯ ಕೈಗೆ ಡಬ್ಬಿ ಕೊಡುವ ಮುಂಚೆ ನೆನಪಿರಲಿ!

ಮಂಜು ಬೀಳುವ ಗಾಜಿನ ಗುಂಡು ಕೊಂಡರೆ ಮಾತ್ರ ದೊಡ್ಡ ಪೆಟ್ಟಿಗೆಗೇ ಹಾಕಿ. ಒಡೆದೀತು ಅಂತ ನಾನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ತಪಾಸಣೆಯ ಹುಡುಗಿ ಅದನ್ನು ಎತ್ತಿ, ಒಮ್ಮೆ ಅಲುಗಾಡಿಸಿ, ಮಂಜು ಬೀಳೋದನ್ನ ನನ್ನ ಜೊತೆಯಲ್ಲೇ ನೋಡಿ, ಕಸದ ಡಬ್ಬಕ್ಕೆ ಹಾಕಿದಳು. ಒಳಗಿರೋದು ನೀರು, ನೂರು ಮಿಲಿಲೀಟರಿಗಿಂತ ಜಾಸ್ತಿ, ಕೈಚೀಲದಲ್ಲಿ ಅಷ್ಟು ಒಯ್ಯಲು ಬಿಡಲಿಲ್ಲ. ತಪ್ಪು ನನ್ನದೇ. ಮೊಮ್ಮಗನಿಗೆ ಕೊನೆಗೆ ಮಗ್ ಸಿಕ್ಕಿತು.

ಹೊರಡುವ ದಿನ ನ್ಯೂರೆಂಬರ್ಗ್‌ನಿಂದ ಐಸಿಇ ಅನ್ನೋ ವೇಗದ ರೈಲು ಹಿಡಿದರೆ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಪಕ್ಕದಲ್ಲೇ ಇಳಿಸುತ್ತೆ, ಸುಮಾರು ಎರಡೂವರೆ ಗಂಟೆ. ಚಳಿಗಾಲ, ರೈಲು ತಡವಾಗೋದು ಮಾಮೂಲು. ಒಂದು ರೈಲು ಮುಂಚಿನದೇ ಹಿಡಿಯಿರಿ. ಪ್ರೀಮಿಯಂ ಎಕಾನಮಿ ಅಂತ ಲೌಂಜ್ ಪುಕ್ಕಟೆ ಸಿಗಲ್ಲ. ಸಸ್ಯಾಹಾರದ ಊಟ ಬೇಕಿದ್ದರೆ ಎರಡು ದಿನ ಮುಂಚೆಯೇ ಹೇಳಿಟ್ಟುಬಿಡಿ.

ಹಿಮ ಬಿದ್ದಿದ್ದರೆ ವಿಮಾನ ಹೊರಡುವ ಮುಂಚೆ ಲಾರಿಯಂಥ ಗಾಡಿ ಬಂದು ರೆಕ್ಕೆಗೆ ಬಿಸಿ ದ್ರಾವಣ ಸುರಿಯುತ್ತೆ. ಒಮ್ಮೊಮ್ಮೆ ಅದಕ್ಕೂ ಸರದಿ. ಅದಕ್ಕೇ ಬೆಂಗಳೂರಿನಿಂದ ಮುಂದಕ್ಕೆ ಬಿಗಿಯಾದ ಟಿಕೆಟ್ ಮಾಡಿಸಬೇಡಿ.

ಒಳಗೆ ಕೂತ ತಕ್ಷಣ ಬೂಟು ಬಿಚ್ಚಿ. ಮೊದಲೇ ಕೈಚೀಲದಲ್ಲಿ ಹವಾಯಿ ಚಪ್ಪಲಿ ಇರಲಿ. ಎಷ್ಟೇ ಜಾಗ ಇದ್ದರೂ ಕಾಲು ಊದುತ್ತೆ. ಬೂಟು ಮತ್ತೆ ಹತ್ತೋದಿಲ್ಲ. ಗಂಟೆಗೊಮ್ಮೆ ಎದ್ದು ಅಡಿಗೆಮನೆಯ ತನಕ ಹೋಗಿ ನೀರು ಕುಡಿದು ಬನ್ನಿ. ಕ್ಯಾಬಿನ್ನಿನ ಗಾಳಿಯಲ್ಲಿ ತೇವ ಶೇಕಡ 20ಕ್ಕಿಂತಲೂ ಕಮ್ಮಿ. ತುಟಿಗೆ ತುಪ್ಪ ಹಚ್ಚಿದವಳು ಇಡೀ ವಿಮಾನದಲ್ಲಿ ಬಹುಶಃ ನಾನೊಬ್ಬಳೇ. ಮುಖ್ಯವಾಗಿ, ಬಲವಂತಕ್ಕೆ ಕಣ್ಣು ಮುಚ್ಚಬೇಡಿ. ನಿದ್ದೆಯನ್ನು ನೆಲಕ್ಕೆ ಉಳಿಸಿಕೊಳ್ಳಿ.

ಟರ್ಮಿನಲ್ 2ರಿಂದ ಹೊರಗೆ ಬಂದಾಗ ನಾನು ಕೋಟು ಹೆಗಲಿಗೆ ಹಾಕಿಕೊಂಡು, ಚಪ್ಪಲಿಯಲ್ಲೇ ಇದ್ದೆ. ನಾವು ಹೋಗಬೇಕಿದ್ದ ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ ನೇರ ಇದೆ. ಬಸ್ಸು ಹೊರಟಾಗ ಯಜಮಾನರು ಮತ್ತೆ 27,000ದ ಲೆಕ್ಕ ತೆಗೆದರು. ಎರಡನೇ ವಾಕ್ಯ ನನಗೆ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಶ್ರೀರಂಗಪಟ್ಟಣ ದಾಟಿತ್ತು.